ಮೊದಲ ಕಂತು: ಹೊಸ ವಿದ್ಯಾರ್ಥಿಯ ಖರ್ಚು, ಮನೆಯ ಲೆಕ್ಕ, ಊರಿನ ಹೊಣೆ

(ಅಜ್ಜೀಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ವಚನ, ಜಾನಪದ, ದಾಸಸಾಹಿತ್ಯ ಇಂಥ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಮಹದೇಶ್ವರರ ಕಾವ್ಯ ಹಾಡುವ ನಾಡಿನಲ್ಲಿ ಅಂಥ ವಿಷಯಗಳಿಗೆ ಬರವಿಲ್ಲ. ಆದರೂ ನಾನು ಇವತ್ತು ದುಡ್ಡಿನ ವಿಷಯ ಮಾತಾಡಲು ಬಂದಿದ್ದೇನೆ. ಒಂದು ಮಗು ಪದವಿಗೆ ಸೇರುವ ವರ್ಷ ಆ ಮನೆಯಲ್ಲಿ ಎಷ್ಟು ಹಣ ಬೇಕಾಗುತ್ತದೆ, ಅದು ಎಲ್ಲಿಂದ ಬರಬೇಕು, ಯಾವಾಗ ಬರುತ್ತದೆ ಎಂಬುದು ನನ್ನ ವಿಷಯ. ಕಾಲೇಜಿನ ಪ್ರವೇಶದ ಮೇಜಿನ ಈಚೆ ಕೂತು ವರ್ಷ ವರ್ಷವೂ ನೋಡಿದ್ದನ್ನು, ಕಡತಗಳಲ್ಲಿ ಓದಿದ್ದನ್ನು ಸೇರಿಸಿ ನಾಲ್ಕು ಮಾತು ಹೇಳುತ್ತೇನೆ.

ನಾನು ಹೇಳಬೇಕಾದ್ದು ಒಂದೇ ಸಂಗತಿ. ನಮ್ಮ ಕಡೆಯ ಬಡ ಮಗುವಿಗೆ ಓದಲು ನೆರವು ಇದೆ. ಆ ನೆರವು ಬೇಕಾದ ಹೊತ್ತಿಗೆ ಕೈ ಸೇರುವುದಿಲ್ಲ. ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ನಡುವೆ ಇರುವ ಆರೆಂಟು ತಿಂಗಳಲ್ಲೇ ಎಷ್ಟೋ ಮಕ್ಕಳ ಓದು ನಿಂತುಹೋಗುತ್ತದೆ. ಆ ಆರೆಂಟು ತಿಂಗಳನ್ನು ದಾಟಿಸುವ ಕೆಲಸವನ್ನು ಸರ್ಕಾರ ಮಾಡಬೇಕು. ಅದು ಮಾಡುವವರೆಗೆ ಊರು ಮಾಡಬಹುದು.

ಹಿಂದೆ ಯಾರು ಕೊಟ್ಟರು?

ಮೊದಲು ಸ್ವಲ್ಪ ಚರಿತ್ರೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿ ಸರ್ಕಾರದ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ನೆರೆಹೊರೆಯ ಎರಡು ಊರುಗಳು ಎರಡು ಸರ್ಕಾರಗಳ ಕೆಳಗೆ ನೂರೈವತ್ತು ವರ್ಷಕ್ಕೂ ಹೆಚ್ಚು ಬದುಕಿದವು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿಸಿದಾಗ ಯಳಂದೂರಿನ ಹುಡುಗನಿಗೆ ಅದು ತನ್ನ ಸಂಸ್ಥಾನದ್ದು. ಕೊಳ್ಳೇಗಾಲದ ಹುಡುಗನಿಗೆ ಮೈಸೂರು ಎಷ್ಟೇ ಹತ್ತಿರವಿದ್ದರೂ ಬೇರೆ ಸರ್ಕಾರದ ಊರು. ಅವನ ಸರ್ಕಾರದ ವಿಶ್ವವಿದ್ಯಾಲಯ ಇದ್ದದ್ದು ದೂರದ ಮದರಾಸಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ತಾಲ್ಲೂಕಾಯಿತು. ಉಡುತೊರೆಹಳ್ಳದ ದಡದ ಈ ಊರುಗಳಿಗೆ ಕಾಲೇಜು ತಡವಾಗಿ ಬಂತೆಂದರೆ ಅದರ ಹಿಂದೆ ಈ ಗಡಿಯ ಚರಿತ್ರೆಯೂ ಇದೆ.

ಆ ಕಾಲದಲ್ಲಿ ಬಡ ಹುಡುಗರು ಹೇಗೆ ಓದಿದರು? ವಾರಾನ್ನ ಮಾಡಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಯ ಊಟ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಪೂನಾಕ್ಕೆ ಎಂಜಿನಿಯರಿಂಗ್ ಓದಲು ಹೋದಾಗ ಮೈಸೂರು ಸರ್ಕಾರದ ನೆರವು ಸಿಕ್ಕಿತು. ವಾರಾನ್ನ ದೊಡ್ಡ ಗುಣ, ಅದನ್ನು ಕೊಟ್ಟ ತಾಯಂದಿರಿಗೆ ಕೈಮುಗಿಯಬೇಕು. ಆದರೆ ಆ ಅಡುಗೆಮನೆಯ ಬಾಗಿಲು ಎಲ್ಲ ಜಾತಿಯ ಹುಡುಗರಿಗೆ ತೆರೆಯಲಿಲ್ಲ ಎಂಬುದೂ ನಿಜ. ಆದ್ದರಿಂದಲೇ ಸಮುದಾಯಗಳು ತಮ್ಮ ತಮ್ಮ ವಿದ್ಯಾರ್ಥಿನಿಲಯ ಕಟ್ಟಿಕೊಂಡವು, ಮಠಗಳು ಉಚಿತ ಪ್ರಸಾದನಿಲಯ ನಡೆಸಿದವು. ಮೈಸೂರು ಸಂಸ್ಥಾನದಲ್ಲಿ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅಂಥವರು ಆದಿಕರ್ನಾಟಕ ಸಮುದಾಯದ ಮಕ್ಕಳ ಊಟ, ವಸತಿ, ಓದಿಗಾಗಿ ದುಡಿದರು.

ಬಾಬಾಸಾಹೇಬ್ ಅಂಬೇಡ್ಕರರ ಓದಿನ ಲೆಕ್ಕವನ್ನು ಇಲ್ಲಿ ನೆನೆಯಬೇಕು. 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಗೊತ್ತುಮಾಡಿದರು. ತಿಂಗಳಿಗೆ ಇಷ್ಟು ಬರುತ್ತದೆ ಎಂದು ಮೊದಲೇ ತಿಳಿದಿತ್ತು, ಆ ಲೆಕ್ಕದ ಮೇಲೆ ಹಡಗು ಹತ್ತಬಹುದಿತ್ತು. ಮುಂದೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಮ್ಮ ಮಕ್ಕಳು ಅರ್ಜಿ ಹಾಕುವ ಯೋಜನೆಯ ಬೇರು ಅಲ್ಲಿದೆ. ಎಂಬತ್ತು ವರ್ಷ ದಾಟಿದ ಯೋಜನೆಯದು. ದೊರೆಯೊಬ್ಬ ಮೆಚ್ಚಿ ಕೊಡುವ ಕಾಣಿಕೆಯಾಗಿದ್ದ ನೆರವು ಅರ್ಹರೆಲ್ಲ ಕೇಳಿ ಪಡೆಯಬಹುದಾದ ಹಕ್ಕಾಯಿತು. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗೂ ಹಾಸ್ಟೆಲಿನ ಬಾಗಿಲು ಅಗಲವಾಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಮಾತನ್ನೂ ಹೇಳಬೇಕು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು, ಸೋಲಿಗರ ಮಕ್ಕಳಿಗೆ ಅಲ್ಲೇ ಶಾಲೆ ಬಂತು. ಅದೇ ಬೆಟ್ಟದ ಸೋಲಿಗ ಸಮುದಾಯದಿಂದ ಬಂದ ಸಿ. ಮಾದೇಗೌಡರು ಪಿಎಚ್.ಡಿ.ವರೆಗೆ ಓದಿ ತಮ್ಮ ಜನರ ಅರಣ್ಯ ಹಕ್ಕಿಗಾಗಿ ದುಡಿದರು. ಊಟ, ವಸತಿ, ಶುಲ್ಕ ಈ ಮೂರನ್ನು ಹೊರುವವರಿದ್ದರೆ ಕಾಡಿನ ಪೋಡಿನಿಂದಲೂ ವಿಶ್ವವಿದ್ಯಾಲಯಕ್ಕೆ ದಾರಿ ಇದೆ.

ಇವತ್ತು ಏನೇನು ಖರ್ಚು?

ಅಜ್ಜೀಪುರದ ಹುಡುಗಿಯೊಬ್ಬಳು ಪಿಯುಸಿ ಪಾಸಾದಳು ಎಂದಿಟ್ಟುಕೊಳ್ಳೋಣ. ಅವಳ ಮುಂದೆ ಮೂರು ದಾರಿ. ಹನೂರು ಅಥವಾ ಕೊಳ್ಳೇಗಾಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದು ಒಂದು. ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿ ಉಳಿದು ಓದುವುದು ಎರಡನೆಯದು. ಸಿಇಟಿ ಬರೆದು ಎಂಜಿನಿಯರಿಂಗ್, ನರ್ಸಿಂಗ್, ಕೃಷಿಯಂಥ ವೃತ್ತಿ ಶಿಕ್ಷಣಕ್ಕೋ ನೀಟ್ ಬರೆದು ವೈದ್ಯಕೀಯಕ್ಕೋ ಸೇರುವುದು ಮೂರನೆಯದು.

ಮೊದಲ ದಾರಿಯಲ್ಲಿ ಶುಲ್ಕ ಕಡಿಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲವಾಯಿತು. ನಮ್ಮ ತಾಲ್ಲೂಕಿನಂಥ ಕಡೆ ಇದು ಸಣ್ಣ ಸಂಗತಿಯಲ್ಲ. ಎರಡನೆಯ ದಾರಿಯಲ್ಲಿ ಶುಲ್ಕಕ್ಕಿಂತ ಊಟ, ರೂಮಿನ ಖರ್ಚೇ ಹೆಚ್ಚು. ಮೂರನೆಯದರಲ್ಲಿ ಎರಡೂ ಹೆಚ್ಚು.

ಆದರೆ ಶುಲ್ಕದ ರಸೀದಿಯಲ್ಲಿ ಕಾಣದ ಖರ್ಚುಗಳಿವೆ. ಒಮ್ಮೆ ಒಬ್ಬ ತಾಯಿ ಮಗನ ಪ್ರವೇಶಕ್ಕೆ ಬಂದವರು ಸೆರಗಿನಲ್ಲಿ ಸುತ್ತಿಟ್ಟಿದ್ದ ಚೀಟಿ ಬಿಚ್ಚಿ ನನ್ನ ಮುಂದೆ ಇಟ್ಟರು. ಮಗನೇ ಬರೆದ ಚೀಟಿ. ಅಡ್ಮಿಷನ್ ಫೀಜು, ಟಿ.ಸಿ., ಮೈಗ್ರೇಷನ್, ಫೋಟೊ, ಜೆರಾಕ್ಸ್, ಎರಡು ಜೊತೆ ಬಟ್ಟೆ, ಚಪ್ಪಲಿ, ಟ್ರಂಕು, ಹಾಸಿಗೆ, ಬಕೆಟ್ಟು, ತಟ್ಟೆ ಲೋಟ, ಹಾಸ್ಟೆಲ್ ಸಿಗುವವರೆಗೆ ರೂಮಿನ ಅಡ್ವಾನ್ಸು, ಮೊಬೈಲ್ ರೀಚಾರ್ಜು, ಬಸ್ ಚಾರ್ಜು. ಒಂದೊಂದರ ಮುಂದೆ ಮೊತ್ತ ಬರೆದಿತ್ತು. ಪುಸ್ತಕ ಎಂಬ ಸಾಲನ್ನು ಬರೆದು ಆಮೇಲೆ ಗೀಟು ಹಾಕಿ ಹೊಡೆದಿತ್ತು. ಆ ತಾಯಿ ಹೇಳಿದ ಮಾತು ಇದು: “ಸ್ಕಾಲರ್‌ಶಿಪ್ ಬತ್ತದ ಕನ ಸಾ, ಆದ್ರ ನಮ್ಗ ಬೇಕಾದ ಹೊತ್ಗ ಬರಲ್ಲ. ಕಾಸ ಈಗ್ಲೇ ಕಟ್ಟು ಅಂತಾರ. ಯಾನ ಮಾಡದು?”

ಇವತ್ತಿನ ಉಪನ್ಯಾಸ ಆ ತಾಯಿಯ ಪ್ರಶ್ನೆಗೆ ನನ್ನ ಉತ್ತರ.

ಏನೇನು ನೆರವಿದೆ?

ಇರುವ ನೆರವನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳು ಬರೆದುಕೊಳ್ಳಿ.

ಪರಿಶಿಷ್ಟ ಜಾತಿಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 2.5 ಲಕ್ಷದ ಒಳಗಿದ್ದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಕಡ್ಡಾಯ ಶುಲ್ಕದ ಜೊತೆಗೆ ಖರ್ಚಿನ ಭತ್ಯೆಯೂ ಬರುತ್ತದೆ. 2021ರ ಪರಿಷ್ಕೃತ ನಿಯಮದ ಪ್ರಕಾರ ಬಿ.ಎ., ಬಿ.ಕಾಂ.ನಂಥ ಸಾಮಾನ್ಯ ಪದವಿಗೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 6,000, ಮನೆಯಿಂದ ಹೋಗಿಬರುವವರಿಗೆ 3,000 ರೂಪಾಯಿ. ಉನ್ನತ ವೃತ್ತಿ ಕೋರ್ಸುಗಳಿಗೆ 13,500 ಮತ್ತು 7,000. ಅದೇ ನಿಯಮಗಳಲ್ಲಿ ಫ್ರೀಶಿಪ್ ಕಾರ್ಡ್ ಎಂಬ ಏರ್ಪಾಡಿದೆ. ಆ ಕಾರ್ಡ್ ಇರುವ ವಿದ್ಯಾರ್ಥಿಯಿಂದ ಪ್ರವೇಶದ ಹೊತ್ತಿಗೆ ಶುಲ್ಕ ಕೇಳದೆ ಸೇರಿಸಿಕೊಳ್ಳಬೇಕೆಂಬುದು ಅದರ ಉದ್ದೇಶ. ಕೇಳಿ ಪಡೆಯಬೇಕಾದ ಕಾರ್ಡ್ ಅದು. ಪರಿಶಿಷ್ಟ ಪಂಗಡದ ಮಕ್ಕಳಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪ್ರತ್ಯೇಕವಾಗಿ ಇದೆ.

ಹಿಂದುಳಿದ ವರ್ಗಗಳ ಮಕ್ಕಳಿಗೆ ಶುಲ್ಕ ವಿನಾಯಿತಿ ಇದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ: ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ರೈತರ ಮಕ್ಕಳಿಗೆಂದು 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಶುರುವಾದಾಗ ಸಾಮಾನ್ಯ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಗೊತ್ತುಮಾಡಿದರು. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಗಾರೆ ಕೆಲಸ, ಕಲ್ಲು ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡಿದ್ದರೆ ಅವರ ಮಕ್ಕಳಿಗೂ ಸಹಾಯಧನವಿದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪದವಿಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಇದಕ್ಕೆ ಕುಟುಂಬದ ಆದಾಯ 4.5 ಲಕ್ಷದ ಒಳಗಿರಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ದೊಡ್ಡ ನೆರವು ಬಂದಿದೆ. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿಸಿದ್ದಕ್ಕೆ ಕೊರಗುವ ತಂದೆತಾಯಿ ನೆನಪಿಡಲಿ, ಇಲ್ಲಿ ಸರ್ಕಾರಿ ಶಾಲೆಯೇ ಅರ್ಹತೆ.

ಕೆಲಸ ಮಾಡುತ್ತ ಓದಬೇಕಾದವರಿಗೆ ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ತಿರುಪ್ಪೂರಿನ ಗಾರ್ಮೆಂಟ್ಸಿಗೋ ಬೆಂಗಳೂರಿನ ಕೆಲಸಕ್ಕೋ ಹೋದ ಮಗ ಪದವಿಯನ್ನೇ ಕೈಬಿಡಬೇಕಾಗಿಲ್ಲ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ 2023ರಲ್ಲಿ ಬಂತು. ಎರಡು ವರ್ಷ ಕಳೆಯುವುದರೊಳಗೆ, 2025ರಲ್ಲಿ, ಹಣದ ಕೊರತೆಯ ಕಾರಣಕ್ಕೆ ಅದನ್ನೂ ಸೇರಿಸಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಹೊರಟಿತು. ಚಾಮರಾಜನಗರದಲ್ಲಿ ಸ್ನಾತಕೋತ್ತರ ಓದುವ ಅವಕಾಶ ತಪ್ಪಿದರೆ ಅದರ ಖರ್ಚು ಬೀಳುವುದು ಮೈಸೂರಿನಲ್ಲಿ ರೂಮು ಮಾಡಬೇಕಾದ ಮಕ್ಕಳ ಮೇಲೆ. ಈ ಲೆಕ್ಕವನ್ನು ವಿಧಾನಸೌಧದವರು ಹಾಕಬೇಕು.

ನಡುವಿನ ತಿಂಗಳುಗಳು

ಈಗ ಕಾಲದ ಲೆಕ್ಕಕ್ಕೆ ಬರೋಣ. ಪದವಿ ಪ್ರವೇಶ ನಡೆಯುವುದು ಮೇ, ಜೂನ್, ಜುಲೈನಲ್ಲಿ. ಸಿಇಟಿ ಸೀಟು ಹಂಚಿಕೆ ಅದರಾಚೆಗೂ ಹೋಗುತ್ತದೆ. ರೈತನ ಮನೆಯಲ್ಲಿ ಆ ತಿಂಗಳುಗಳು ಹೇಗಿರುತ್ತವೆ? ಅರಿಶಿನ ನಾಟಿ, ಜೋಳದ ಬಿತ್ತನೆ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಕೈಯಲ್ಲಿರುವ ಕಾಸೆಲ್ಲ ಮಣ್ಣಿಗೆ ಹೋಗುವ ಕಾಲ. ರಾಗಿ ಒಕ್ಕಣೆ, ಅರಿಶಿನದ ದುಡ್ಡು ಎಲ್ಲ ವರ್ಷದ ಕೊನೆಗೆ, ಸಂಕ್ರಾಂತಿಯ ಆಚೆಗೆ. ರೇಷ್ಮೆ ಇರುವ ಮನೆಗೆ ಮಾತ್ರ ವರ್ಷದಲ್ಲಿ ಹಲವು ಸಲ ಗೂಡಿನ ಕಾಸು ಕಾಣುತ್ತದೆ. ಉಳಿದ ಮನೆಗಳಿಗೆ ಜೂನ್ ಎಂದರೆ ಬರಿಗೈ. ವಿದ್ಯಾರ್ಥಿವೇತನವೂ ಬರುವುದು ಅರ್ಜಿ, ಪರಿಶೀಲನೆ, ಮಂಜೂರಾತಿ ಎಲ್ಲ ಮುಗಿದು ಶೈಕ್ಷಣಿಕ ವರ್ಷದ ಕೊನೆಯ ಹೊತ್ತಿಗೆ. ಕೆಲವೊಮ್ಮೆ ಮುಂದಿನ ವರ್ಷಕ್ಕೂ ದಾಟುತ್ತದೆ.

ಆಗ ಮನೆಯವರು ಏನು ಮಾಡುತ್ತಾರೆ? ಕುರಿ ಮಾರುತ್ತಾರೆ, ಓಲೆ ಗಿರವಿ ಇಡುತ್ತಾರೆ, ಚೀಟಿ ಎತ್ತುತ್ತಾರೆ, ಕೈಸಾಲ ಮಾಡುತ್ತಾರೆ. ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಜೂನ್‌ನಲ್ಲಿ 15,000 ರೂಪಾಯಿ ತಂದು, ವಿದ್ಯಾಸಿರಿ ಒಂಬತ್ತು ತಿಂಗಳಾದ ಮೇಲೆ ಬಂದರೆ ಬಡ್ಡಿಯೇ 4,050 ರೂಪಾಯಿ. ಸರ್ಕಾರ ಹದಿನೈದು ಸಾವಿರ ಕೊಟ್ಟೆ ಎಂದು ಲೆಕ್ಕ ಬರೆಯುತ್ತದೆ. ಮಗುವಿಗೆ ತಲುಪಿದ್ದು ಹತ್ತು ಸಾವಿರದ ಒಂಬೈನೂರ ಐವತ್ತು, ಉಳಿದದ್ದು ಬಡ್ಡಿಯವನಿಗೆ. 5,000 ರೂಪಾಯಿಯ ರೈತ ವಿದ್ಯಾನಿಧಿಯನ್ನು ಇದೇ ಬಡ್ಡಿಯ ಮುಂದೆ ಇಟ್ಟು ನೋಡಿ, ಅದರ ಬಹುಪಾಲು ಬಡ್ಡಿಗೇ ಸರಿಹೋಗುತ್ತದೆ.

ಇನ್ನು ಕೆಲವರು ಸಂಘದ ಸಾಲಕ್ಕೆ, ಮೈಕ್ರೋ ಫೈನಾನ್ಸಿಗೆ ಕೈ ಚಾಚುತ್ತಾರೆ. ವಾರ ವಾರ ಕಂತು. 2025ರ ಆರಂಭದಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತು. ಆ ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಓದಿನ ಖರ್ಚಿಗೆ ತಂದ ಸಾಲ ಮಗುವನ್ನೇ ಊರು ಬಿಡಿಸುವಂತಾದರೆ ಅಂಥ ಸಾಲವನ್ನು ಓದಿನ ನೆರವು ಎನ್ನಲಾಗದು.

ಹೀಗೆ ಸೇರಿದ ಮಕ್ಕಳಲ್ಲಿ ಕೆಲವರು ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ. ವಿಚಾರಿಸಿದರೆ ಕೆಲಸಕ್ಕೆ ಹೋಗಿದ್ದಾನೆ, ಸಾಲ ತೀರಿಸಿ ಬರುತ್ತಾನೆ ಎನ್ನುತ್ತಾರೆ. ಹಾಗೆ ಹೋದವರು ಮರಳಿ ಬಂದದ್ದನ್ನು ನಾನು ಕಂಡದ್ದು ಅಪರೂಪ.

ಕಾಗದದ ಕೆಲಸ

ತಡವಾಗಲು ಇಲಾಖೆ ಒಂದೇ ಕಾರಣವಲ್ಲ, ಕಾಗದವೂ ಕಾರಣ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು. ರೈತ ವಿದ್ಯಾನಿಧಿಗೆ ತಂದೆಯ ಅಥವಾ ತಾಯಿಯ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಖಾತೆ ಚಾಲ್ತಿಯಲ್ಲಿರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು ಆಧಾರಿನಲ್ಲಿ ಹಾಗೇ ಇರಬೇಕು. ನಮ್ಮ ಕಡೆ ಮಾದೇಶ, ಮಹದೇಶ, ಮಹದೇವಸ್ವಾಮಿ ಎಲ್ಲ ಒಬ್ಬನೇ ಹುಡುಗನ ಹೆಸರಾಗಿರಬಹುದು. ಶಾಲೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಕಂಪ್ಯೂಟರಿಗೆ ಅವರು ಮೂವರು ಬೇರೆ ಬೇರೆ ಹುಡುಗರು. ಬೇಗ ಅರ್ಜಿ ಹಾಕಿದ ಹುಡುಗನ ಹಣವೂ ಇಷ್ಟಕ್ಕೇ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ ಕಷ್ಟವಿಲ್ಲ, ಹೊತ್ತು ಮಾತ್ರ ಮುಖ್ಯ. ಮಗು ದ್ವಿತೀಯ ಪಿಯುಸಿಯಲ್ಲಿರುವಾಗಲೇ, ಜನವರಿಯೊಳಗೆ, ಹೆಸರಿನ ತಿದ್ದುಪಡಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ಆಧಾರ್ ಜೋಡಣೆ ಮೂರೂ ಮುಗಿದಿರಬೇಕು. ಊರಿನ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರಿದೆ. ಅಲ್ಲಿ ವಾರಕ್ಕೊಂದು ಸಂಜೆ ಪದವಿ ಓದುವ ಇಬ್ಬರು ಹಿರಿಯ ಮಕ್ಕಳು ಕೂತು ಕಿರಿಯರ ಅರ್ಜಿ ತುಂಬಿಸಿಕೊಡಲಿ. ಒಮ್ಮೆ ತಾನೇ ಅರ್ಜಿ ಹಾಕಿ ಪೆಟ್ಟು ತಿಂದವನಿಗಿಂತ ಒಳ್ಳೆಯ ಗುರು ಈ ವಿಷಯದಲ್ಲಿ ಇಲ್ಲ.

ಇನ್ನೊಂದು ನಿಯಮ ಎಲ್ಲರಿಗೂ ತಿಳಿದಿರಬೇಕು. ಎಲ್ಲಿ ಸೀಟು ತಪ್ಪುತ್ತದೋ ಎಂಬ ಹೆದರಿಕೆಯಲ್ಲಿ ಖಾಸಗಿ ಕಾಲೇಜಿಗೆ ದುಡ್ಡು ಕಟ್ಟಿ, ಆಮೇಲೆ ಸರ್ಕಾರಿ ಸೀಟು ಸಿಕ್ಕಾಗ ಕಟ್ಟಿದ್ದು ಹೋಯಿತೆಂದು ಸುಮ್ಮನಾಗುತ್ತಾರೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸಾಗಬೇಕು, ಅಲ್ಪ ಸಂಸ್ಕರಣಾ ವೆಚ್ಚ ಮಾತ್ರ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ. 80, ಒಂದು ತಿಂಗಳೊಳಗೆ ಶೇ. 50. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಕೇಳುವ ಹಕ್ಕು ನಿಮಗಿದೆ.

ಬ್ಯಾಂಕಿನ ಸಾಲ

ವೃತ್ತಿ ಶಿಕ್ಷಣಕ್ಕೆ ಸೇರುವವರಿಗೆ ಬ್ಯಾಂಕಿನ ಶಿಕ್ಷಣ ಸಾಲ ಒಳ್ಳೆಯ ದಾರಿ, ಲೆಕ್ಕ ತಿಳಿದು ಹಿಡಿದರೆ. 4 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಬೇಕು. 7.5 ಲಕ್ಷದವರೆಗಿನ ಸಾಲಕ್ಕೆ 2015ರಿಂದ ಸರ್ಕಾರದ ಖಾತರಿ ನಿಧಿ ಇದೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತದೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದು, ಶೇ. 10ರ ಸರಳ ಬಡ್ಡಿ ಹಾಕಿದರೆ, ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು. ಒಟ್ಟು 1,40,000 ರೂಪಾಯಿ.

ಈ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಕುಟುಂಬದ ಆದಾಯ 4.5 ಲಕ್ಷದ ಒಳಗಿರಬೇಕು, ಕೋರ್ಸು ವೃತ್ತಿಪರ ಅಥವಾ ತಾಂತ್ರಿಕವಾಗಿರಬೇಕು, ಸಂಸ್ಥೆಗೆ ಮಾನ್ಯತೆ ಇರಬೇಕು. ನಮ್ಮ ಕೆನರಾ ಬ್ಯಾಂಕೇ ಅದರ ನೋಡಲ್ ಬ್ಯಾಂಕ್. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಬಂದು, ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವವರಿಗೆ, 8 ಲಕ್ಷದವರೆಗೆ ಆದಾಯವಿದ್ದರೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿ ಸಿಕ್ಕಿತು. ಸಾಲದ ಅರ್ಜಿ ಕೊಡುವ ದಿನವೇ ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಹಾಯಧನಕ್ಕೆ ನಮ್ಮ ಹೆಸರು ಸೇರಿಸಿ ಎಂದು ಕೇಳಬೇಕು. ಕೇಳಲು ಗೊತ್ತಿಲ್ಲದ ಮನೆಗೆ ಒಂದು ಲಕ್ಷದ ನಲವತ್ತು ಸಾವಿರದ ನಷ್ಟ.

ಆಸ್ಟ್ರೇಲಿಯಾದಲ್ಲಿ 1989ರಿಂದ ಒಂದು ಪದ್ಧತಿ ಇದೆ. ಓದಿದವನ ಸಂಬಳ ಒಂದು ಮಟ್ಟ ಮುಟ್ಟಿದ ಮೇಲಷ್ಟೇ ಅವನು ಓದಿನ ಬಾಕಿ ತೀರಿಸಬೇಕು, ಅದೂ ಸಂಬಳಕ್ಕೆ ತಕ್ಕಂತೆ. ಕೆಲಸ ಸಿಗದವನ ಮನೆಬಾಗಿಲಿಗೆ ಯಾರೂ ಬರುವುದಿಲ್ಲ. ನಮ್ಮಲ್ಲೂ ಸಾಲವನ್ನು ದುಡಿಮೆಗೆ ಜೋಡಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಊರು ಮಾಡಬಹುದಾದದ್ದು

ಸರ್ಕಾರದ ಮುಂದೆ ನನ್ನ ಬೇಡಿಕೆ ಎರಡು. ಮೊದಲ ವರ್ಷದ ವಿದ್ಯಾರ್ಥಿಯ ನೆರವಿನಲ್ಲಿ ಅರ್ಧವನ್ನು ಪ್ರವೇಶವಾದ ತಿಂಗಳೊಳಗೆ ಮುಂಗಡವಾಗಿ ಕೊಡಿ. ಹಾಸ್ಟೆಲ್ ಆಯ್ಕೆ ಪಟ್ಟಿಯನ್ನು ತರಗತಿ ಶುರುವಾಗುವ ಮೊದಲೇ ಪ್ರಕಟಿಸಿ. ಇವೆರಡಕ್ಕೂ ಹೊಸ ಯೋಜನೆ ಬೇಕಿಲ್ಲ, ಇರುವ ಹಣವನ್ನು ಬೇಗ ಕೊಟ್ಟರೆ ಸಾಕು.

ಊರಿನ ಮುಂದೆ ಒಂದು ಪ್ರಸ್ತಾವ ಇಡುತ್ತೇನೆ. ಇವತ್ತಿನ ಈ ದತ್ತಿಯನ್ನೇ ನೋಡಿ. ದತ್ತಿಯಲ್ಲಿ ಅಸಲು ಬ್ಯಾಂಕಿನಲ್ಲಿರುತ್ತದೆ, ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯುತ್ತದೆ. ಒಂದು ಲಕ್ಷ ಠೇವಣಿ ಇಟ್ಟು ಶೇ. 7 ಬಡ್ಡಿ ಬಂದರೆ ವರ್ಷಕ್ಕೆ 7,000. ಒಬ್ಬ ವಿದ್ಯಾರ್ಥಿಯ ಖರ್ಚಿಗೂ ಸಾಲದು. ಅದೇ ಒಂದು ಲಕ್ಷವನ್ನು ಜೂನ್‌ನಲ್ಲಿ ಆರು ಮಕ್ಕಳಿಗೆ ತಲಾ 15,000ದಂತೆ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ವಾಪಸು ಪಡೆದರೆ, ಮುಂದಿನ ಜೂನ್‌ಗೆ ಅದೇ ಹಣ ಇನ್ನಾರು ಮಕ್ಕಳಿಗೆ ಸಿದ್ಧ. ಅಸಲು ಕರಗುವುದಿಲ್ಲ, ಬಡ್ಡಿಯವನ ಬಾಗಿಲು ತಟ್ಟಬೇಕಿಲ್ಲ. ಇದನ್ನು ಮೊದಲ ಕಂತಿನ ನಿಧಿ ಎಂದು ಕರೆಯೋಣ.

ಇದರ ನಿಯಮ ಸರಳವಾಗಿರಲಿ. ನಿಧಿ ನೋಂದಾಯಿತ ಟ್ರಸ್ಟಿನ ಅಥವಾ ಸಹಕಾರ ಸಂಘದ ಹೆಸರಿನಲ್ಲಿರಲಿ. ಖಾತೆಗೆ ಮೂವರ ಸಹಿ, ಅದರಲ್ಲಿ ಒಬ್ಬರು ಹೆಣ್ಣುಮಗಳು. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳಿಗೂ ಸಮಾನ ಹಕ್ಕು. ವಿದ್ಯಾರ್ಥಿವೇತನ ಮಂಜೂರಾಗದಿದ್ದರೆ ಸುಗ್ಗಿಯ ನಂತರ ಸಣ್ಣ ಕಂತುಗಳಲ್ಲಿ ತೀರಿಸಲು ಅವಕಾಶ. ಜಮಾ ಖರ್ಚಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಬೇಕು, ಹಣ ಪಡೆದ ಮಕ್ಕಳ ಹೆಸರನ್ನು ಓದಬಾರದು. ಪಡೆದವರ ಮರ್ಯಾದೆ ಕಾಯದ ದಾನ ನಮಗೆ ಬೇಡ.

ಇದು ಆಗದ ಮಾತೆಂದು ಯಾರೂ ಅನ್ನದಿರಲಿ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರ ಪತ್ತಿನ ಸಂಘ ಕಟ್ಟಿದರು. ಸಾಲದ ಹಿಡಿತದಿಂದ ಹೊರಬರಲು ಒಂದು ಹಳ್ಳಿ ತಾನೇ ಕಂಡುಕೊಂಡ ದಾರಿ ದೇಶಕ್ಕೇ ಮಾದರಿಯಾಯಿತು. ನಮ್ಮ ಸೀಮೆಯಲ್ಲೂ ಕೂಡಿ ಮಾಡುವ ಕೆಲಸಕ್ಕೆ ಬರವಿಲ್ಲ. ಬೆಟ್ಟದ ಮಹದೇಶ್ವರನಿಗೆ, ನಮ್ಮ ಮಾದಪ್ಪನಿಗೆ, ಮುಡುಪು ಕಟ್ಟುವ ಜನ ನಾವು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಕೂತು ಉಂಡ ಜನ ನಾವು. ಬೆಟ್ಟಕ್ಕೆ ಕಟ್ಟುವ ಮುಡುಪಿನಂತೆ ಮಗುವಿನ ಓದಿಗೂ ಗೂಡು ಮಾರಿದ ದಿನ ನೂರು ರೂಪಾಯಿ, ಅರಿಶಿನ ಮಾರಿದ ದಿನ ಐನೂರು ರೂಪಾಯಿ ತೆಗೆದಿಟ್ಟರೆ ಮಾದಪ್ಪ ಮುನಿಯುವುದಿಲ್ಲ. ಊರಿನಿಂದ ಓದಿ ಬೆಂಗಳೂರು, ಮೈಸೂರಿನಲ್ಲಿ ಸಂಬಳ ಎಣಿಸುತ್ತಿರುವ ಮಕ್ಕಳೇ, ನಿಮ್ಮ ಒಂದು ತಿಂಗಳ ಸಂಬಳದ ಒಂದು ಪಾಲು ಈ ನಿಧಿಗೆ ಬರಲಿ. ನೀವು ಹೊರಟಾಗ ಯಾರದೋ ಓಲೆ ಗಿರವಿಗೆ ಹೋಗಿತ್ತು.

ಕೊನೆಯದಾಗಿ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಒಂದು ಮಾತು. ದುಡ್ಡಿಲ್ಲ ಎಂದು ಮನೆಯಲ್ಲಿ ಹೇಳಿದ ಕೂಡಲೇ ಪುಸ್ತಕ ಕಟ್ಟಿಡಬೇಡಿ. ಯಾವ ನೆರವಿಗೆ ನಾನು ಅರ್ಹಳು, ಯಾವ ತಾರೀಖಿನೊಳಗೆ ಅರ್ಜಿ, ಯಾವ ಕಾಗದ ಬಾಕಿ ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಡಿ. ಅಪ್ಪಂದಿರಿಗೂ ಒಂದು ಮಾತು. ಮಗನಿಗೆ ಸಾಲ ಮಾಡಬಹುದು, ಮಗಳಿಗೆ ಬೇಡ ಎನ್ನುವ ಲೆಕ್ಕ ತಪ್ಪು ಲೆಕ್ಕ. ಇವತ್ತು ಬಸ್ಸು ಅವಳಿಗೆ ಉಚಿತ, ವಿದ್ಯಾರ್ಥಿವೇತನ ಅವಳಿಗೆ ಹೆಚ್ಚು. ಓದಿಸಲು ಖರ್ಚು ಕಡಿಮೆ ಬೀಳುವುದು ಮಗಳಿಗೇ.

 ಈ ಉಪನ್ಯಾಸಕ್ಕೆ ನನಗೆ ಕೊಡುವ ಸಂಭಾವನೆಯನ್ನು ಮೊದಲ ಕಂತಿನ ನಿಧಿಯ ಮೊದಲ ಜಮೆಯಾಗಿ ಸ್ವೀಕರಿಸಬೇಕೆಂದು ಕೋರುತ್ತೇನೆ. ಮುಂದಿನ ಜೂನ್‌ಗೆ ಮೊದಲು ಊರಿನ ಹಿರಿಯರು ಒಂದು ಸಂಜೆ ಕೂತು ಖಾತೆ ತೆರೆಯಲಿ. ಅಜ್ಜೀಪುರದ ಒಂದು ಮಗುವೂ ಕಾಸಿಲ್ಲದ ಕಾರಣಕ್ಕೆ ಮೊದಲ ವರ್ಷದಲ್ಲೇ ಕಾಲೇಜು ಬಿಡಬಾರದು. ಅಷ್ಟನ್ನು ನಾವು ಮಾಡಬಲ್ಲೆವು, ಮಾಡಬೇಕು.